ಮಾವಿನ ಹೂವಿಗೆ ಜಿಗಿಹುಳದ ಕಾಟ

ಧಾರವಾಡದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ನಮ್ಮಲ್ಲಿ ಹಲವರಿಗೆ ಊರಲ್ಲಿ ಇಂದಿಗೂ ಹತ್ತೆಂಟು ಆಪೂಸಿನ ಗಿಡಗಳುಂಟು. ತೋಟವನ್ನು ಗುತ್ತಿಗೆಗೆ ಕೊಟ್ಟು, ಬೇಸಿಗೆಯಲ್ಲಿ ಹಣ್ಣಿನ ಬುಟ್ಟಿಯ ಹಾದಿ ಕಾಯುವವರು ನಾವು. ಆದರೆ ಬೆಳೆಯ ಹಣೆಬರಹ ಗೊತ್ತಾಗುವದು ಸಂಕ್ರಾಂತಿಯ ಹಿಂದುಮುಂದು, ಗಿಡ ಹೂ ಬಿಡುವ ಹೊತ್ತಿಗೆ. “ಹೂವೆಲ್ಲ ಕಪ್ಪಿಟ್ಟು ಉದುರಿತ್ರೀ” ಎಂದು ಗುತ್ತಿಗೆದಾರನ ಫೋನು ಬಂದರೆ, ಬೂದಿರೋಗ ಅಲ್ಲದಿದ್ದಲ್ಲಿ ಅದು ಬಹುಮಟ್ಟಿಗೆ ಜಿಗಿಹುಳದ್ದೇ ಕೆಲಸ.

ಇಲ್ಲಿಯ ಮರಾಠಿ ರೈತರು ಇದಕ್ಕೆ ತುಡತುಡೆ ಎನ್ನುವರು. ಗೋದಿಯ ಕಾಳಿಗಿಂತ ಚಿಕ್ಕದು. ತಲೆಯ ಕಡೆ ಅಗಲ, ಬಾಲದ ಕಡೆ ಚೂಪು. ಮುಟ್ಟಹೋದರೆ ಏಡಿಯಂತೆ ಅಡ್ಡಕ್ಕೆ ಸರಿದು ಚಟ್ಟನೆ ಹಾರುವದು. ಹುಳು ಹೆಚ್ಚಿದ ತೋಟದಲ್ಲಿ ನಡೆದರೆ ಎಲೆಗಳ ನಡುವೆ ಚಟಪಟ ಸದ್ದೇ ಕೇಳಿಸುವದು. ವರ್ಷದ ಉಳಿದ ದಿನ ಇದು ತೊಗಟೆಯ ಬಿರುಕುಗಳಲ್ಲಿ ಅಡಗಿರುವದು. ಹೂ ಬಂದೊಡನೆ ಹೆಣ್ಣು ಹುಳು ಹೂದೇಟನ್ನು ಕೊರೆದು ಮೊಟ್ಟೆ ಇಡುವದು. ವಾರದೊಳಗೆ ಮರಿಗಳು ಹೊರಟು ರಸ ಹೀರತೊಡಗುವವು. ಹೀರಿದ್ದು ಮೈಗೆ ಹೆಚ್ಚಾಗಿ, ಸಿಹಿ ಅಂಟಾಗಿ ಎಲೆಗಳ ಮೇಲೆ ಸುರಿಯುವದು. ಆ ಅಂಟಿನ ಮೇಲೆ ಕಾಡಿಗೆಯಂಥ ಬೂಷ್ಟು ಬೆಳೆದು, ಎಲೆಗೆ ಬಿಸಿಲೂ ಇಲ್ಲದಂತಾಗುವದು. (ತೆಳ್ಳನೆಯ ಮೈದಾ ಗಂಜಿ ಸಿಂಪಡಿಸಿದರೆ, ಒಣಗಿದ ಮೇಲೆ ಈ ಕಪ್ಪು ಪೊರೆಪೊರೆಯಾಗಿ ಉದುರುವದು. ನಮ್ಮ ಗೃಹಿಣಿಯರಿಗೆ ಇದು ಕೌತುಕವೆನಿಸೀತು!)

ಇನ್ನು ಔಷಧದ ಮಾತು. ವಾರಕ್ಕೊಮ್ಮೆ ‘ಎಣ್ಣೆ’ ಹೊಡೆಸಿದೆವೆಂದು ಹೆಮ್ಮೆಪಡುವ ಗುತ್ತಿಗೆದಾರರಿಗೆ ನಾವು ಶಹಬ್ಬಾಸ್ ಎನ್ನಲಾರೆವು. ಒಂದೇ ಔಷಧ ಮತ್ತೆ ಮತ್ತೆ ಬಿದ್ದರೆ ಹುಳು ಅದಕ್ಕೆ ಒಗ್ಗಿಕೊಳ್ಳುವದು; ಅದನ್ನು ತಿನ್ನುವ ಜೇಡ ಮೊದಲಾದವು ಮಾತ್ರ ಸಾಯುವವು. ಹೂ ಪೂರ್ತಿ ಅರಳಿದಾಗಲಂತೂ ಸಿಂಪರಣೆ ಬೇಡವೇ ಬೇಡ. ಮಾವಿನಲ್ಲಿ ಪರಾಗ ಒಯ್ಯುವವು ನೊಣ, ಜೇನ್ನೊಣಗಳು; ಅವು ಸತ್ತರೆ ಹುಳು ಹೋಗಿಯೂ ಕಾಯಿ ಕಚ್ಚದು. ಹೂಗೊಂಚಲು ಹೊರಡುವಾಗ ಒಮ್ಮೆ, ಬೇಕೆನಿಸಿದರೆ ಕಾಯಿ ಬಟಾಣಿಯಷ್ಟಾದಾಗ ಬೇರೆ ಔಷಧದಿಂದ ಇನ್ನೊಮ್ಮೆ ಸಿಂಪಡಿಸಬೇಕು, ಕಾಂಡಕ್ಕೂ ತಾಗಬೇಕು. ಹುಳು ಕಡಿಮೆಯಿದ್ದರೆ ಬೇವಿನ ಬೀಜದ ಕಷಾಯವೇ ಸಾಕು: ಲೀಟರು ನೀರಿಗೆ ೫೦ ಗ್ರಾಂ ಪುಡಿ, ರಾತ್ರಿ ನೆನೆಯಿಟ್ಟು ಸೋಸಿದ್ದು. ಯಾವ ಔಷಧ, ಎಷ್ಟು ಎಂಬುದನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳುವದು ಒಳ್ಳೆಯದು. ೧೯೪೭ರಲ್ಲಿ ಅಲ್ಲಿ ಕೃಷಿ ಕಾಲೇಜು ತೆರೆಯುವ ಮೊದಲು ನಮ್ಮ ಕಡೆಯ ಹುಡುಗರು ಈ ವಿದ್ಯೆಗಾಗಿ ಪುಣೆಗೇ ಬರುತ್ತಿದ್ದರು!

ಔಷಧಕ್ಕಿಂತ ಹೆಚ್ಚಿನದು ಬಿಸಿಲು ಮತ್ತು ಗಾಳಿ. ಅಜ್ಜನ ಕಾಲದ ಗಿಡಗಳು ಒಂದಕ್ಕೊಂದು ಹೆಣೆದುಕೊಂಡು ಕತ್ತಲೆಗಟ್ಟಿದ ತೋಟವೇ ಜಿಗಿಹುಳದ ತವರುಮನೆ. ಕೊಯ್ಲು ಮುಗಿದೊಡನೆ ನಡುವಿನ ಕೊಂಬೆಗಳನ್ನು ಸವರಿ, ಬೆಳಕು ಬುಡದವರೆಗೆ ಇಳಿಯುವಂತೆ ಮಾಡಬೇಕು. ಒಂದು ಹಂಗಾಮಿನ ಗುತ್ತಿಗೆದಾರನಿಗೆ ಮುಂದಿನ ವರ್ಷದ ಗಿಡದ ಚಿಂತೆ ಏಕೆ ಬಂದೀತು? ಆದ್ದರಿಂದ ಈ ಕೆಲಸವನ್ನು ಕರಾರಿನಲ್ಲಿಯೇ ಬರೆಯಿಸಿರಿ; ಇಲ್ಲವೆ ಹಣ್ಣು ಇಳಿದ ಮೇಲೆ ಜೂನಿನಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿ, ಎದುರಿಗೆ ನಿಂತು ಮಾಡಿಸಿರಿ.