ಬಚ್ಚಲ ನೀರಿನ ದಾರಿ

ಮಕ್ಕಳೇ, ನೀವು ಸ್ನಾನ ಮಾಡಿದ ನೀರು ಎಲ್ಲಿಗೆ ಹೋಗುತ್ತದೆ? ಹಳ್ಳಿಯ ಎಷ್ಟೋ ಮನೆಗಳಲ್ಲಿ ಅದು ತೆಂಗಿನ ಬುಡಕ್ಕೆ ಹರಿಯುತ್ತದೆ. ಪೇಟೆಯ ಮನೆಗಳಲ್ಲಿ ಕೊಳವೆಯೊಳಗೆ ಇಳಿದು ಇಂಗುಗುಂಡಿಯನ್ನೋ ಚರಂಡಿಯನ್ನೋ ಸೇರುತ್ತದೆ. ಈ ಕೊಳವೆಯಲ್ಲಿ ನೀರನ್ನು ತಳ್ಳುವ ಯಂತ್ರವಿಲ್ಲ. ಕೊಳವೆಯನ್ನು ತುಸು ಇಳಿಜಾರಾಗಿ ಹಾಕಿರುವುದರಿಂದ ನೀರು ತಾನಾಗಿಯೇ ಹರಿಯುತ್ತದೆ. ಇಳಿಜಾರು ಸಾಲದಿದ್ದರೆ ಕಸವು ತಳದಲ್ಲಿ ಕುಳಿತುಬಿಡುತ್ತದೆ.

ಕೆಲವೊಮ್ಮೆ ನೀರು ಇಳಿಯದೆ ಕಟ್ಟಿ ನಿಲ್ಲುತ್ತದೆ. ಬಚ್ಚಲಿನಲ್ಲಿ ಇದಕ್ಕೆ ಕಾರಣ ಕೂದಲು ಮತ್ತು ಸಾಬೂನು. ಅಡಿಗೆಮನೆಯಲ್ಲಿ ಎಣ್ಣೆಯ ಜಿಡ್ಡು. ಡಿಸೆಂಬರಿನ ಚಳಿಯ ಮುಂಜಾನೆ ಶೀಶೆಯಲ್ಲಿದ್ದ ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಗಿರುವುದನ್ನು ನೀವು ಕಂಡಿರಬಹುದು. ಬಿಸಿಯಾದ ಜಿಡ್ಡು ಸುಲಭವಾಗಿ ಒಳಗೆ ಹೋಗುತ್ತದೆ. ತಣಿದೊಡನೆ ಕೊಳವೆಯ ಗೋಡೆಗೆ ಅಂಟುತ್ತದೆ. ಅದಕ್ಕೆ ಅನ್ನದ ಅಗುಳು, ಚಹಾದ ಹುಡಿ ಹಿಡಿದುಕೊಳ್ಳುತ್ತವೆ. ಹೋಟೆಲುಗಳಲ್ಲಿ ಜಿಡ್ಡು ಹೆಚ್ಚು. ಆದುದರಿಂದ ಅಲ್ಲಿ ನೀರನ್ನು ಮೊದಲು ಒಂದು ಸಣ್ಣ ತೊಟ್ಟಿಗೆ ಬಿಡುವುದುಂಟು. ಹಗುರವಾದ ಜಿಡ್ಡು ಮೇಲೆ ತೇಲುತ್ತದೆ, ಕೆಳಗಿನ ನೀರು ಮಾತ್ರ ಮುಂದೆ ಸಾಗುತ್ತದೆ. ತೇಲಿದ ಜಿಡ್ಡನ್ನು ಆಗಾಗ ತೆಗೆಯದಿದ್ದರೆ ತೊಟ್ಟಿ ಇದ್ದೂ ಪ್ರಯೋಜನವಿಲ್ಲ.

ಇನ್ನೊಂದು ತೊಂದರೆ ದುರ್ವಾಸನೆ. ವಾಶ್‌ಬೇಸಿನ್ನಿನ ಅಡಿಗೆ ಬಗ್ಗಿ ನೋಡಿ. ಕೊಳವೆ ನೇರವಾಗಿಲ್ಲ, ಹಂಸದ ಕೊರಳಿನಂತೆ ಬಾಗಿದೆ. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಆ ನೀರೇ ಬಾಗಿಲು! ಚರಂಡಿಯ ಗಾಳಿಯನ್ನು ಅದು ಒಳಗೆ ಬಿಡುವುದಿಲ್ಲ. ಲಂಡನ್ನಿನ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕನು 1775ರಲ್ಲಿಯೇ ಪಾಯಿಖಾನೆಗೆ ಇಂಥ ಬಾಗಿದ ಕೊಳವೆಯನ್ನು ಜೋಡಿಸಿದನು. ಬೇಸಿಗೆ ರಜೆಯಲ್ಲಿ ಮನೆಗೆ ಬೀಗ ಹಾಕಿ ಅಜ್ಜಿಯ ಊರಿಗೆ ಹೋದರೆ ಆ ನೀರು ಆರಿಹೋಗುತ್ತದೆ. ಮರಳಿ ಬಂದಾಗ ಮನೆಯೆಲ್ಲ ನಾರುತ್ತಿದ್ದರೆ ಎರಡು ತಂಬಿಗೆ ನೀರು ಸುರಿದರೆ ಸಾಕು.

ಆದರೆ ಸೆಪ್ಟಿಕ್ ಟ್ಯಾಂಕು ಮತ್ತು ಚರಂಡಿಯ ಆಳುಗುಂಡಿಗಳ ವಿಷಯ ಬೇರೆ. ಅಲ್ಲಿ ಕೊಳೆಯುವ ಮಲಿನದಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದು. ಇಳಿದವನು ಕ್ಷಣದಲ್ಲಿ ಪ್ರಜ್ಞೆ ತಪ್ಪುತ್ತಾನೆ. ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಅಲ್ಲಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಆದರೂ 2015ರ ನವೆಂಬರಿನಲ್ಲಿ ಕೋಝಿಕ್ಕೋಡಿನಲ್ಲಿ ಆಂಧ್ರದಿಂದ ಬಂದಿದ್ದ ಇಬ್ಬರು ಕೆಲಸಗಾರರು ಆಳುಗುಂಡಿಯಲ್ಲಿ ಸಿಲುಕಿದರು. ಹತ್ತಿರದಲ್ಲಿದ್ದ ಒಬ್ಬ ಆಟೋರಿಕ್ಷಾ ಚಾಲಕನು ಅವರನ್ನು ಉಳಿಸಲು ಇಳಿದನು. ಮೂವರೂ ಬದುಕಲಿಲ್ಲ.

ಇದಾದ ಮೇಲೆ ಕೇರಳದ ಕೆಲವು ಯುವ ಇಂಜಿನಿಯರರು ಗುಂಡಿಯನ್ನು ಶುಚಿ ಮಾಡುವ ಯಂತ್ರಮಾನವನನ್ನು ನಿರ್ಮಿಸಿದರು. 2018ರಲ್ಲಿ ತಿರುವನಂತಪುರದಲ್ಲಿ ಅದು ಕೆಲಸಕ್ಕೆ ಇಳಿಯಿತು. ಕೆಲಸಗಾರನು ಮೇಲೆ ನಿಂತು ಪರದೆಯಲ್ಲಿ ನೋಡುತ್ತಾ ಅದನ್ನು ನಡೆಸುತ್ತಾನೆ. ಅದರ ಹೆಸರು ‘ಬ್ಯಾಂಡಿಕೂಟ್’. ಹಾಗೆಂದರೆ ನಮ್ಮ ಹೆಗ್ಗಣ!