ಬೈಗುಳಕ್ಕೆ ಪದ್ಮಶ್ರೀ ಸಿಗುವುದಿಲ್ಲ

ಮೇ ತಿಂಗಳ ಕೊನೆಯ ಭಾಗದ ಒಂದು ಗುರುವಾರ ಕೊಡಗಿನ ಪೊನ್ನಂಪೇಟೆ, ಗೋಣಿಕೊಪ್ಪ, ತಿತಿಮತಿ ಕಡೆ ಹೊರಟವರು ಬೈಸಿಕೊಳ್ಳುವುದು ಖಾತ್ರಿ. ಕಾರು ಅಡ್ಡಗಟ್ಟಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಣಿದು ವೇಷಗಳು ಕೈಚಾಚುತ್ತವೆ. ಕಾಸು ಕೊಟ್ಟರೂ ಬೈಗುಳ, ಕೊಡದಿದ್ದರೂ ಬೈಗುಳ. ಜೇನುಕುರುಬರು, ಬೆಟ್ಟಕುರುಬರು, ಯರವರು ಆಚರಿಸುವ ದೇವರಪುರದ ಕುಂಡೆ ಹಬ್ಬವಿದು.

ಹಿಂದಿನ ಕತೆ ಸೊಗಸಾಗಿದೆ. ಕಾಡಿನ ಜನರನ್ನು ಬೇಟೆಗೆ ಕರೆದೊಯ್ದ ಅಯ್ಯಪ್ಪ, ದಾರಿಯಲ್ಲಿ ಭದ್ರಕಾಳಿ ಕಂಡದ್ದೇ ತಡ, ಇವರನ್ನು ಮರೆತು ಅವಳ ಹಿಂದೆ ಹೋದನಂತೆ. ನಂಬಿ ಬಂದವರು ಸಿಟ್ಟಿಗೆದ್ದು ದೇವರನ್ನೇ ಬಾಯಿಗೆ ಬಂದಂತೆ ಬೈದರು. ದೇವರೇ ಬೈಸಿಕೊಂಡ ಮೇಲೆ ತೋಟದ ಸಾವ್ಕಾರ, ಪೊಲೀಸು, ಪತ್ರಕರ್ತ ಯಾವ ಲೆಕ್ಕ?

ಈ ಹಬ್ಬದ ಬಗ್ಗೆ ಬರುವ ಸುದ್ದಿ ಬೈಗುಳಕ್ಕೇ ಮುಗಿಯುತ್ತದೆ. ವೇಷವನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಹತ್ತಿರ ನಿಂತು ನೋಡಿ: ಹರಿದ ನೈಟಿ, ಅದರೊಳಗೆ ತುರುಕಿದ ಬಟ್ಟೆ, ಮುಖಕ್ಕೆ ಮಸಿ ಅಥವಾ ಬಣ್ಣ, ತಲೆಗೆ ಸಿಕ್ಕಿದ್ದೇ ಕೂದಲು. ತಾಳಕ್ಕೆ ಒಣಗಿದ ಸೋರೆಬುರುಡೆ, ಪೇಂಟಿನ ಖಾಲಿ ಡಬ್ಬ, ಪ್ಲಾಸ್ಟಿಕ್ ಡ್ರಮ್ಮು. ಊರು ಬಿಸಾಡಿದ ಸಾಮಾನನ್ನೇ ಹಾಡಿಯ, ಕಾಫಿತೋಟದ ಲೈನ್‌ಮನೆಯ ಹುಡುಗರು ವಾದ್ಯ ಮಾಡಿಕೊಂಡಿದ್ದಾರೆ. ಎದುರಿಗಿರುವವನ ಹೊಟ್ಟೆ, ಕನ್ನಡಕ, ಕಾರು ನೋಡಿ ನಿಂತ ನಿಲುವಿನಲ್ಲೇ ಬೈಗುಳ ಕಟ್ಟುತ್ತಾರೆ, ಅದೂ ತಾಳ ತಪ್ಪದ ಹಾಗೆ. ಇಂಥ ಆಶುಕವಿತ್ವ ನಮ್ಮ ಎಷ್ಟು ಕವಿಗೋಷ್ಠಿಗಳಲ್ಲಿದೆ, ನೀವೇ ಹೇಳಿ.

ಕೊಡಗಿನ ಕಲೆಗೆ ಮನ್ನಣೆಯೇ ಇಲ್ಲ ಎಂದರೆ ತಪ್ಪಾದೀತು. ನಡಿಕೇರಿಯಂಡ ಚಿಣ್ಣಪ್ಪ ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟಿನ ಹಾಡುಗಳನ್ನು ಊರೂರು ಸುತ್ತಿ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದರು. ಹೆಂಗಸರ ಉಮ್ಮತ್ತಾಟವನ್ನು ವೇದಿಕೆಗೆ ತಂದು ಹಲವರಿಗೆ ಕಲಿಸಿದ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಬರಲೇಬೇಕಿತ್ತು. ಬೆಳ್ಳಿತೆರೆಯ ಮಾತಂತೂ ಹೇಳುವುದೇ ಬೇಡ: ವಿರಾಜಪೇಟೆಯ ರಶ್ಮಿಕಾ ಮಂದಣ್ಣ 2016ರ ‘ಕಿರಿಕ್ ಪಾರ್ಟಿ’ಯಿಂದ ‘ಪುಷ್ಪ’ದವರೆಗೆ ಏರಿದ್ದನ್ನು ದೇಶವೇ ನೋಡಿದೆ.

ಇವೆಲ್ಲ ಪುಸ್ತಕದೊಳಗೆ, ವೇದಿಕೆಯ ಮೇಲೆ, ಪರದೆಯಲ್ಲಿ ಕೂರುವಂಥವು. ಉಮ್ಮತ್ತಾಟಕ್ಕೆ ಒಂದೇ ಬಗೆಯ ಸೀರೆ, ಕೈಯಲ್ಲಿ ತಾಳ, ವರ್ತುಲದ ಹೆಜ್ಜೆ ಇದೆ. ಮಂತ್ರಿಗಳ ಮುಂದೆ ಹತ್ತು ನಿಮಿಷದಲ್ಲಿ ಮುಗಿಸಬಹುದು. ಕುಂಡೆ ಹಬ್ಬವನ್ನು ಹಾಗೆ ಕರೆಸಿ ನೋಡಿ! ಮುಖ್ಯ ಅತಿಥಿಗೆ ಮೊದಲ ಬೈಗುಳ ಬೀಳುತ್ತಲೇ ಮೈಕು ಬಂದ್ ಆದೀತು. ಬೈಗುಳ ತೆಗೆದು ಬರೀ ಕುಣಿತ ಉಳಿಸಿದರೋ, ಆಗ ಉಳಿಯುವುದು ನೈಟಿ ಹಾಕಿದ ಗಂಡಸರು ಮಾತ್ರ. ಅಕಾಡೆಮಿ, ಉತ್ಸವ, ಪ್ರಶಸ್ತಿಗಳ ಲೆಕ್ಕಕ್ಕೆ ಈ ಕಲೆ ಸಿಕ್ಕಿಲ್ಲ. ಸಿಗದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ವರ್ಷವಿಡೀ ‘ಸರಿ ಸಾವ್ಕಾರೆ’ ಎನ್ನುತ್ತ ಕಾಫಿ ಕುಯ್ಯುವವರು ಒಂದು ದಿನ ಬಾಯಿಬಿಟ್ಟು ಮಾತಾಡುವುದೇ ಇದರ ತಿರುಳು. ಅದಕ್ಕೆ ಯಾರ ಸಹಿಯೂ ಬೇಕಿಲ್ಲ.

ಆದರೆ ಹೊಸ ತಾಪತ್ರಯವೊಂದು ಬಂದಿದೆ. ಈಗ ಹತ್ತಾರು ಮೊಬೈಲುಗಳು ವೇಷದ ಮೂತಿಗೇ ಹಿಡಿದಿರುತ್ತವೆ. ಆ ಬೈಗುಳ ಪೊನ್ನಂಪೇಟೆ ತಾಲ್ಲೂಕು ದಾಟಿ, ದೇವರು ಯಾರು, ಕತೆ ಯಾವುದು ಎಂದು ಗೊತ್ತಿಲ್ಲದವರ ನಗೆಪಾಟಲಿಗೆ ಸರಕಾಗುತ್ತದೆ. ವಿಡಿಯೊ ಹಾಕಿದವನಿಗೆ ಲೈಕು, ಕುಣಿದವನಿಗೆ ಹತ್ತು ರೂಪಾಯಿ.

ಕಾಸು ಕೂಡಿಸಿಕೊಂಡವರು ಕೊನೆಗೆ ದೇವರಪುರಕ್ಕೆ ಹೋಗಿ, ದೇವರಿಗೆ ಕಾಣಿಕೆ ಹಾಕಿ, ಬೈದದ್ದಕ್ಕೆ ತಪ್ಪಾಯಿತೆಂದು ಕೈಮುಗಿಯುತ್ತಾರೆ. ಮುಂದಿನ ಮೇನಲ್ಲಿ ನೀವು ಆ ದಾರಿ ಹಿಡಿದರೆ ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳಿ, ಮೊಬೈಲು ಒಳಗಿಡಿ, ಬೈದರೆ ಮುನಿಸಿಕೊಳ್ಳಬೇಡಿ.