ಮಹಿಳೆಯರ ಉದ್ಯಮಶೀಲತೆ ಮತ್ತು ಸಾಮಾಜಿಕ ಪರಿಸರ

ಉದ್ಯಮಶೀಲತೆಯು ವ್ಯಕ್ತಿಯ ಸಾಹಸ ಹಾಗೂ ದೂರದೃಷ್ಟಿಗಳ ಫಲವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಈ ಭಾವನೆ ಅರ್ಧಸತ್ಯವೆಂದೇ ನಮ್ಮ ಅಭಿಪ್ರಾಯ. ಆ ಸಾಹಸವು ಯಾವ ರೂಪವನ್ನು ತಾಳಬೇಕು, ಎಲ್ಲಿಯವರೆಗೆ ಸಾಗಬಹುದು ಎಂಬುದನ್ನು ಮನೆತನದ ಕಟ್ಟುಪಾಡು, ಸಾಲದ ವ್ಯವಸ್ಥೆ ಮತ್ತು ಆಸ್ತಿಯ ಹಕ್ಕುಗಳು ಬಹುಮಟ್ಟಿಗೆ ನಿರ್ಣಯಿಸುತ್ತವೆ. ಇದನ್ನು ಕೆಲವು ನಿದರ್ಶನಗಳಿಂದ ವಿಶದಪಡಿಸಬಹುದು.

1959ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಮುಂಬಯಿಯ ಗಿರಗಾಂವಿನಲ್ಲಿ 7 ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ತಯಾರಿಸತೊಡಗಿದರು. ಇದೇ ಮುಂದೆ ಲಿಜ್ಜತ್ ಪಾಪಡ್ ಎಂದು ಹೆಸರಾದ ಸಂಸ್ಥೆ. ಇದರ ಸದಸ್ಯೆಯರು ಬೆಳಗ್ಗೆ ಕೇಂದ್ರದಿಂದ ನಾದಿದ ಹಿಟ್ಟನ್ನು ಕೊಂಡೊಯ್ದು, ಮನೆಯಲ್ಲಿಯೇ ಲಟ್ಟಿಸಿ ಒಣಗಿಸಿ, ಹಪ್ಪಳವನ್ನು ಕೇಂದ್ರಕ್ಕೆ ಒಪ್ಪಿಸುತ್ತಾರೆ. ಲಾಭದಲ್ಲಿಯೂ ಪಾಲು ಪಡೆಯುತ್ತಾರೆ. ಹಪ್ಪಳ ಲಟ್ಟಿಸುವುದು ಹೆಂಗಸರ ಕೆಲಸವೆಂದು ಸಮಾಜವು ಮೊದಲೇ ಒಪ್ಪಿತ್ತು. ಹೊಸಿಲು ದಾಟಿ ದುಡಿಯಬೇಕಾದ ಪ್ರಮೇಯವೂ ಇರಲಿಲ್ಲ. ಆದುದರಿಂದ ಈ ಉದ್ಯಮಕ್ಕೆ ಮನೆಯವರ ವಿರೋಧವನ್ನು ಗೆಲ್ಲುವುದು ಸುಲಭವಾಯಿತೆನ್ನಬಹುದು. ಆದರೆ ಅದೇ ಸಮ್ಮತಿಯು ಒಂದು ಎಲ್ಲೆಯೂ ಹೌದು. ಅಡುಗೆಮನೆಗೆ ಹೊಂದುವ ಕಸುಬಿಗೆ ದೊರೆತ ಅನುಮತಿಯು ಯಂತ್ರಾಗಾರಕ್ಕೂ ಸಗಟು ಪೇಟೆಗೂ ತಾನಾಗಿ ವಿಸ್ತರಿಸುವುದಿಲ್ಲ.

ಎರಡನೆಯ ನಿದರ್ಶನ ಅಹಮದಾಬಾದಿನದು. ಅಲ್ಲಿ ಇಳಾ ಭಟ್ಟರು 1972ರಲ್ಲಿ ಸ್ಥಾಪಿಸಿದ 'ಸೇವಾ' ಸಂಘದ ಸದಸ್ಯೆಯರು ತರಕಾರಿ ಮಾರುವವರು, ಹಳೆಯ ಬಟ್ಟೆಯ ವ್ಯಾಪಾರಿಗಳು, ಬೀಡಿ ಕಟ್ಟುವವರು. ವ್ಯಾಪಾರದ ಜಾಣ್ಮೆ ಅವರಲ್ಲಿ ಹೇರಳವಾಗಿತ್ತು. ಇಲ್ಲದಿದ್ದುದು ಅಡಮಾನಕ್ಕೆ ಆಸ್ತಿ ಮತ್ತು ಕಾಗದದ ಮೇಲೆ ಸಹಿ. 1974ರಲ್ಲಿ 4,000 ಮಂದಿ ತಲಾ 10 ರೂಪಾಯಿ ಕೂಡಿಸಿ ತಮ್ಮದೇ ಸಹಕಾರಿ ಬ್ಯಾಂಕನ್ನು ಆರಂಭಿಸಿದರು. ಅಲ್ಲಿ ಸಹಿಯ ಬದಲು ಭಾವಚಿತ್ರವೇ ಗುರುತಾಯಿತು. ಇಲ್ಲಿ ಬದಲಾದುದು ಮಹಿಳೆಯರ ಸ್ವಭಾವವಲ್ಲ, ಸಾಲದ ನಿಯಮ ಎಂಬುದು ಗಮನಾರ್ಹ.

ಕರ್ನಾಟಕದ 1994ರ ತಿದ್ದುಪಡಿಯು, ಅದಕ್ಕೆ ಮುನ್ನ ವಿವಾಹವಾದವರನ್ನು ಹೊರತುಪಡಿಸಿ, ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ನೀಡಿತು; 2005ರ ಕೇಂದ್ರ ತಿದ್ದುಪಡಿ ಈ ಹಕ್ಕನ್ನು ದೇಶಕ್ಕೆಲ್ಲ ವಿಸ್ತರಿಸಿತು. ಆದಾಗ್ಯೂ ತವರಿನ ಬಾಂಧವ್ಯ ಕೆಡದಿರಲೆಂದು ಅರಿಶಿನ ಕುಂಕುಮಕ್ಕೆ ತೃಪ್ತಳಾಗಿ, ಅಣ್ಣತಮ್ಮಂದಿರಿಗೆ ಹಕ್ಕುಬಿಡುಗಡೆ ಪತ್ರ ಬರೆದುಕೊಡುವ ರೂಢಿ ಇಂದಿಗೂ ಅಳಿದಿಲ್ಲ. ಹೀಗೆ ಕಾನೂನು ಕೊಟ್ಟ ಬಂಡವಾಳವನ್ನು ಸಂಪ್ರದಾಯವು ಮರಳಿ ಪಡೆಯುತ್ತದೆ.

ಆದಕಾರಣ, ಉದ್ಯಮಕ್ಕಿಳಿಯುವ ಮಹಿಳೆಯಲ್ಲಿ ಧೈರ್ಯವಿದೆಯೇ ಎಂದು ಕೇಳುವುದಕ್ಕೆ ಮೊದಲು, ಪಹಣಿಯಲ್ಲಿ ಯಾರ ಹೆಸರಿದೆಯೆಂದು ಸಂಶೋಧಕರು ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.